ಹಿನ್ನೀರಿನ ಮೀನುಗಾರಿಕೆಗೆ ಹಳೇ ಟೂ-ಸ್ಟ್ರೋಕ್ ಔಟ್‌ಬೋರ್ಡ್: ಮೊದಲು ಏನು ಬಿಚ್ಚಬೇಕು?

ಮುನಿರಾಬಾದ್_ದಂಡೆ
8 ಎಚ್‌ಪಿ, ಎರಡು ಸಿಲಿಂಡರ್, ಪೆಟ್ರೋಲ್ ಎಂಜಿನ್. ಮೂರು ವರ್ಷ ಶೆಡ್ಡಿನಾಗ ನಿಂತಿತ್ತು. 16 ಅಡಿ ಫೈಬರ್ ದೋಣಿಗೆ ಕೂಡಿಸಿ ತುಂಗಭದ್ರಾ ಹಿನ್ನೀರಿನಲ್ಲಿ ಬಲೆ ಬಿಡಲು ಬೇಕು. ಚಾಲೂ ಆಗ್ತದ, ಒಂದು ನಿಮಿಷಕ್ಕೆ ನಿಲ್ತದ. ಎಂಜಿನ್ ತಣಿಸಿದ ನೀರು ಹೊರಬರುವ ಹಿಂದಿನ ಸಣ್ಣ ತೂತಿನಿಂದ ನೀರು ತೊಟ್ಟಿಕ್ಕುತ್ತದೆ ಅಷ್ಟೆ. ಎಲ್ಲಿಂದ ಶುರು ಮಾಡಬೇಕು? ಆಯಿಲ್ ಎಷ್ಟು ಬೆರೆಸಬೇಕು?

ಗ್ಯಾರೇಜ್_ಗಂಗಾವತಿ
ಇನ್ನೊಮ್ಮೆ ಚಾಲೂ ಮಾಡಬೇಡ್ರಿ. ಮೊದಲು ನೀರಿನ ಪಂಪ್. ತೊಟ್ಟಿಕ್ಕುವ ನೀರು ಎಂದರೆ ಇಂಪೆಲ್ಲರ್ (ಪಂಪಿನೊಳಗೆ ತಿರುಗಿ ನೀರು ತಳ್ಳುವ ರಬ್ಬರ್ ಚಕ್ರ) ಸತ್ತಿದೆ ಅಥವಾ ದಾರಿ ಕಟ್ಟಿದೆ. ನಿಂತ ಎಂಜಿನ್ನಿನಲ್ಲಿ ರಬ್ಬರ್ ಎಲೆಗಳು ಬಾಗಿದಂತೆಯೇ ಗಟ್ಟಿಯಾಗಿಬಿಡುತ್ತವೆ.

ಗೇರ್ ಶಿಫ್ಟ್ ರಾಡಿನ ಜೋಡಣೆ ಬಿಡಿಸಿ, ಬೋಲ್ಟ್ ತೆಗೆದು ಗೇರ್, ಪ್ರೊಪೆಲ್ಲರ್ ಇರುವ ಕೆಳಗಿನ ಘಟಕ ಇಳಿಸಿರಿ. ಇಂಪೆಲ್ಲರ್ ಜೊತೆ ಕೀ, ಗ್ಯಾಸ್ಕೆಟ್, ಒಳಗಿನ ಉಕ್ಕಿನ ಬಟ್ಟಲು ಇರುವ ಕಿಟ್ಟೇ ತರ್ರಿ. ಬಟ್ಟಲಿನಲ್ಲಿ ಗೀರು ಬಿದ್ದಿದ್ದರೆ ಹೊಸ ರಬ್ಬರ್ ಕೂಡ ಬೇಗ ಸವೆಯುತ್ತದೆ. ಹಳೇ ಎಲೆ ಮುರಿದಿದ್ದರೆ ತುಂಡು ಎಲ್ಲಿದೆ ಎಂದು ಹುಡುಕಲೇಬೇಕು, ಅದು ಮೇಲಿನ ನೀರಿನ ದಾರಿಯಲ್ಲಿ ಸಿಕ್ಕಿಕೊಂಡರೆ ಹೊಸ ಪಂಪ್ ಹಾಕಿಯೂ ಸಿಲಿಂಡರ್ ಸುಡುತ್ತದೆ. ಕೂಡಿಸುವಾಗ ಡ್ರೈವ್ ಶಾಫ್ಟನ್ನು ಮೇಲಿನಿಂದ ನೋಡಿದಂತೆ ಗಡಿಯಾರದ ದಿಕ್ಕಿಗೆ ತಿರುಗಿಸುತ್ತಾ ಮುಚ್ಚಳ ಒತ್ತಿರಿ. ಥರ್ಮೋಸ್ಟಾಟ್ ಇದ್ದರೆ ಬಿಸಿನೀರಿನಲ್ಲಿ ಹಾಕಿ ತೆರೆಯುತ್ತದೆಯೇ ನೋಡಿರಿ.

ನಮ್ಮ ಹಿನ್ನೀರಿನಲ್ಲಿ ವರ್ಷಕ್ಕೊಂದು ಇಂಪೆಲ್ಲರ್ ಲೆಕ್ಕ ಇಟ್ಟುಕೊಳ್ಳಿ. ಜಲಾಶಯದ 133 ಟಿಎಂಸಿ ಇದ್ದ ಸಾಮರ್ಥ್ಯವನ್ನು 105ರ ಆಸುಪಾಸಿಗೆ ಇಳಿಸಿದ ಹೂಳು ಬೇಸಿಗೆಯಲ್ಲಿ ಪ್ರೊಪೆಲ್ಲರಿನ ಕೆಳಗೇ ಇರುತ್ತದೆ. ಕೆಸರು ಕದಡಿದ ಕಡೆ ಎಂಜಿನ್ ಎತ್ತಿ ಹುಟ್ಟು ಹಾಕುವುದೇ ಸರಿ.

ಪರೀಕ್ಷೆಗೆ 200 ಲೀಟರ್ ಡ್ರಮ್ ಸಾಕು. ಪ್ರೊಪೆಲ್ಲರ್ ಮೇಲಿನ ಅಗಲ ತಟ್ಟೆ ಪೂರ್ತಿ ಮುಳುಗಬೇಕು, ಗೇರ್ ನ್ಯೂಟ್ರಲ್‌ನಲ್ಲೇ ಇರಬೇಕು. ಒಣಗಿದಂತೆ ಓಡಿಸಿದರೆ ಇಂಪೆಲ್ಲರ್ ಕೆಲವೇ ಸೆಕೆಂಡಿನಲ್ಲಿ ಕೆಡಲು ಶುರುವಾಗುತ್ತದೆ.

ಸಿಂಧನೂರು_ಟೂಸ್ಟ್ರೋಕ್
ನಿಲ್ಲುವುದಕ್ಕೆ ಕಾರಣ ಬೇರೆ ಇರಬಹುದು. ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ತೆರೆದಿದೆಯೇ? ಪೆಟ್ರೋಲ್ ಪೈಪಿನ ನಡುವಿನ ಕೈಪಂಪಿನ, ಅಂದರೆ ರಬ್ಬರ್ ಉಂಡೆಯ, ಬಾಣ ಎಂಜಿನ್ ಕಡೆಗಿದೆಯೇ? ಇವೆರಡೂ ಸರಿ ಇದ್ದರೆ, ಎಂಜಿನ್ ಸಾಯುವ ಹೊತ್ತಿಗೆ ಆ ರಬ್ಬರ್ ಉಂಡೆ ಒತ್ತಿ ನೋಡ್ರಿ. ಚೇತರಿಸಿಕೊಂಡರೆ ದೋಷ ಪೈಪಿನಲ್ಲಿ, ಕನೆಕ್ಟರಿನಲ್ಲಿ ಅಥವಾ ಫ್ಯೂಯಲ್ ಪಂಪಿನ ಪೊರೆಯಲ್ಲಿ. ಚೇತರಿಸದಿದ್ದರೆ ಕಾರ್ಬ್ಯುರೇಟರ್ ಬಿಚ್ಚಿ ಜೆಟ್ ತೆಗೆದು ಕ್ಲೀನರ್ ಹೊಡೆದು ಗಾಳಿ ಊದಿರಿ. ತಂತಿ ಚುಚ್ಚಬೇಡಿ, ತೂತು ದೊಡ್ಡದಾಗುತ್ತದೆ.

ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್. ಅದು ನೀರು ಹೀರುತ್ತದೆ, ಹಳೇ ಪೈಪನ್ನು ಒಳಗಿನಿಂದ ಮೆತ್ತಗೆ ಮಾಡುತ್ತದೆ. ಪೈಪ್ ಪೂರ್ತಿ ಬದಲಿಸಿ, ನಡುವೆ ಫಿಲ್ಟರ್ ಹಾಕಿರಿ. ವಾರಕ್ಕಿಂತ ಹೆಚ್ಚು ನಿಲ್ಲಿಸುವುದಿದ್ದರೆ ಡ್ರಮ್ಮಿನಲ್ಲಿಟ್ಟು ಪೈಪ್ ಕಳಚಿ, ಕಾರ್ಬ್ಯುರೇಟರ್ ಖಾಲಿಯಾಗುವತನಕ ಓಡಿಸಿ.

ಆಯಿಲ್ ಮ್ಯಾನ್ಯುಯಲ್ 50:1 ಹೇಳಿದರೆ 5 ಲೀಟರಿಗೆ 100 ಎಂಎಲ್. ಡಬ್ಬಿ ಮೇಲೆ ಟಿಸಿ-ಡಬ್ಲ್ಯು3 (ನೀರಿನಿಂದ ತಣಿಯುವ ಟೂ-ಸ್ಟ್ರೋಕ್ ಎಂಜಿನ್ನಿನ ಆಯಿಲ್ ಗುರುತು) ಎಂದಿರಬೇಕು. ಗಾಳಿಯಿಂದ ತಣಿಯುವ ಬೈಕಿನ 2ಟಿ ಆಯಿಲ್ ಬೂದಿ ಬಿಡುತ್ತದೆ. ನೀರಿನಿಂದ ತಣಿಯುವ ಎಂಜಿನ್ ಅಷ್ಟು ಕಾಯುವುದಿಲ್ಲ, ಆ ಬೂದಿ ಪ್ಲಗ್ಗಿಗೂ ರಿಂಗಿಗೂ ಹತ್ತಿಕೊಳ್ಳುತ್ತದೆ. ಸೀಮೆಎಣ್ಣೆ ಬೆರೆಸುವವರ ಮಾತು ಕೇಳಬೇಡ್ರಿ. ಸೀಮೆಎಣ್ಣೆ ಮಾಡೆಲ್‌ಗಳ ಕಂಪ್ರೆಷನ್ನೇ ಕಡಿಮೆ, ಪೆಟ್ರೋಲ್ ಎಂಜಿನ್ನಿಗೆ ಅದನ್ನು ಹಾಕಿದರೆ ನಾಕಿಂಗ್ (ಇಂಧನ ಸಿಲಿಂಡರಿನೊಳಗೆ ಹದ ತಪ್ಪಿ ಸಿಡಿಯುವುದು) ಬಂದು ಪಿಸ್ಟನ್ ತೂತಾಗುತ್ತದೆ.

ಮುನಿರಾಬಾದ್_ದಂಡೆ
ಉಂಡೆ ಒತ್ತಿದರೆ ಚೇತರಿಸಿಕೊಳ್ತದ. ಗೇರ್ ಆಯಿಲ್ ಇಳಿಸಿದೆ, ಹಾಲು ಬೆರೆಸಿದ ಚಹಾದ ಬಣ್ಣ.

ಗ್ಯಾರೇಜ್_ಗಂಗಾವತಿ
ಹಾಗಾದರೆ ಫ್ಯೂಯಲ್ ಪಂಪ್ ಕಿಟ್ ಮತ್ತು ಹೊಸ ಪೈಪ್. ಗೇರ್ ಒಳಗೆ ನೀರು ಹೋಗಿದೆ. ಪ್ರೊಪೆಲ್ಲರ್ ಬಿಚ್ಚಿ ನೋಡಿದರೆ ಹಿಂದೆ ನೈಲಾನ್ ಬಲೆಯ ದಾರ ಸುತ್ತಿರುವ ಸಾಧ್ಯತೆ ಹೆಚ್ಚು, ಅದೇ ಪ್ರೊಪೆಲ್ಲರ್ ಶಾಫ್ಟಿನ ಸೀಲ್ ಕೊಯ್ಯುವುದು. ಎರಡು ಸೀಲ್ ಬದಲಿಸಿ, ಶಾಫ್ಟಿನಲ್ಲಿ ಉಗುರಿಗೆ ತಾಗುವ ಗೀರಿದೆಯೇ ನೋಡಿರಿ. ಇದ್ದರೆ ಹೊಸ ಸೀಲೂ ನಿಲ್ಲದು. ಆಯಿಲನ್ನು ಕೆಳಗಿನ ತೂತಿನಿಂದ ತುಂಬಿಸಿ, ಮೇಲಿನದರಲ್ಲಿ ಗುಳ್ಳೆಯಿಲ್ಲದೆ ಹೊರಬಂದಾಗ ಮೊದಲು ಮೇಲಿನ ಸ್ಕ್ರೂ ಬಿಗಿದು, ಆಮೇಲೆ ಕೆಳಗಿನದು. ವಾಷರ್ ಹೊಸದಿರಲಿ. ಬಲೆ ಬಿಡುವ ದೋಣಿಯಾದರೆ ವಾರಕ್ಕೊಮ್ಮೆ ಪ್ರೊಪೆಲ್ಲರ್ ಕಳಚುವ ರೂಢಿ ಮಾಡಿಕೊಳ್ಳಿ.

ಕಂಪ್ಲಿ_ಹುಟ್ಟು
ದೋಣಿಯ ಕಡೆ ಯಾರೂ ಹೇಳಲಿಲ್ಲ. ಹಿಂಬದಿ ಹಲಗೆಯ ಎತ್ತರ ಅಳೆಯಿರಿ: ಶಾರ್ಟ್ ಶಾಫ್ಟಿಗೆ 15 ಇಂಚು, ಲಾಂಗಿಗೆ 20. ಅಗಲ ತಟ್ಟೆ ದೋಣಿಯ ತಳಕ್ಕೆ ಸಮ ಅಥವಾ ಒಂದು ಇಂಚು ಕೆಳಗೆ. ಮೇಲಾದರೆ ಗಾಳಿ ಹೀರಿ ಎಂಜಿನ್ ಕಿರುಚುತ್ತದೆ, ದೋಣಿ ಮುಂದೆ ಹೋಗದು. ಹಲಗೆಯನ್ನು ಸುತ್ತಿಗೆಯಿಂದ ತಟ್ಟಿರಿ, ಮಂದ ಸದ್ದು ಬಂದರೆ ಒಳಗಿನ ಪ್ಲೈವುಡ್ ಕೊಳೆತಿದೆ. ಕ್ಲಾಂಪ್ ಎಷ್ಟೇ ಬಿಗಿ ಇದ್ದರೂ ಎಂಜಿನ್ನಿಗೆ ಸ್ಟೀಲ್ ಸರಪಳಿ ಕಟ್ಟಿರಿ. ಮುಂಗಾರಿನ ಗಾಳಿಗೆ ಹಿನ್ನೀರಿನ ಅಗಲದಲ್ಲಿ ತೆರೆ ಎದ್ದಾಗ ಲೈಫ್ ಜಾಕೆಟ್ ಮೈಮೇಲಿರಬೇಕು, ಹುಟ್ಟು ದೋಣಿಯಲ್ಲಿರಬೇಕು.

ಇನ್ನೊಂದು, ಟ್ರಯಲ್ ಓಡಿಸಲು ಅಣೆಕಟ್ಟಿನ ಕೆಳಗಿನ ಹೊಳೆಗೆ ಇಳಿಸಬೇಡಿ. ಮುದ್ಲಾಪುರದಿಂದ ಕಂಪ್ಲಿವರೆಗೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ ಅದು.