ಅಪ್ಪಯ್ಯನ ಮಣಿಕಟ್ಟು ಏಳ್ತಿಲ್ಲ, ಸ್ಪ್ಲಿಂಟ್ ದಿನವಿಡೀ ಹಾಕಬೇಕಾ?

ನಿಟ್ಟೂರಿನ ಮಗಳು
ನಮ್ಮ ಅಪ್ಪಯ್ಯ ಮಳೆಗಾಲ ಶುರುವಾದಾಗ ತೋಟದ ಸಂಕದ ಮೇಲೆ ಜಾರಿ ಬಿದ್ದು ಬಲ ತೋಳಿನ ಮೂಳೆ ಮುರಿದುಕೊಂಡರು. ಮೂಳೆ ಕೂಡ್ತಾ ಇದೆ. ಆದರೆ ಮಣಿಕಟ್ಟು ಮೇಲೆ ಏಳುವುದೇ ಇಲ್ಲ, ಕೈ ಜೋತುಬಿದ್ದಿದೆ. ಮೂಳೆಯನ್ನು ಸುತ್ತಿಕೊಂಡು ಹೋಗುವ ರೇಡಿಯಲ್ ನರಕ್ಕೆ ಪೆಟ್ಟಾಗಿದೆ ಅಂತ ಡಾಕ್ಟರ್ ಕಾಕ್-ಅಪ್ ಸ್ಪ್ಲಿಂಟ್ (ಮಣಿಕಟ್ಟನ್ನು ಮೇಲೆತ್ತಿ ನಿಲ್ಲಿಸುವ ಆಸರೆ) ಬರೆದುಕೊಟ್ಟರು. ಶಿವಮೊಗ್ಗದ ದುರ್ಗಿಗುಡಿಯಿಂದ ತಂದೆವು, ಬಟ್ಟೆಯ ಒಳಗೆ ತಗಡು ಇರುವಂಥದ್ದು.

ಅಪ್ಪಯ್ಯನಿಗೆ ಅದು ಬೇಡವೇ ಬೇಡ. ಊಟಕ್ಕೆ ಕೂತರೆ ಅಂಗೈ ಪಟ್ಟಿಗೆ ಸಾರು ಮೆತ್ತುತ್ತದೆ. ತೊಳೆದರೆ ಈ ಮಳೆಯಲ್ಲಿ ಒಣಗುವುದಿಲ್ಲ, ಮುಗ್ಗಲು ವಾಸನೆ. ಮೇಲಿಂದ "ಕಟ್ಟಿಟ್ಟರೆ ಕೈ ಇನ್ನೂ ಸೋಲ್ತದೆ" ಅಂತ ನೆಂಟರೊಬ್ಬರು ಹೇಳಿ ಹೋಗಿದ್ದಾರೆ. ಈಗ ಕವಳಕ್ಕೆ ಎಲೆಗೆ ಸುಣ್ಣ ಹಚ್ಚಲೂ ಅಮ್ಮನನ್ನು ಕರೆಯುತ್ತಾರೆ. ನೋಡಿದರೆ ಸಂಕಟ ಆಗುತ್ತದೆ. ಏನು ಮಾಡಲಿ?

ಶಿವಮೊಗ್ಗದ ಫಿಸಿಯೋ
ನಿಮ್ಮ ಮಣಿಕಟ್ಟನ್ನು ಪೂರ್ತಿ ಕೆಳಗೆ ಬಗ್ಗಿಸಿ ಮುಷ್ಟಿ ಹಿಡಿಯಿರಿ. ಬಲವೇ ಬರುವುದಿಲ್ಲ ಅಲ್ವಾ? ಈಗ ಸ್ವಲ್ಪ ಮೇಲೆತ್ತಿ ಹಿಡಿಯಿರಿ. ಅಪ್ಪಯ್ಯನವರದ್ದೂ ಅದೇ ಕಥೆ. ಮುಷ್ಟಿ ಹಿಡಿಯುವ ಸ್ನಾಯುಗಳಿಗೆ ಬೇರೆ ನರ, ಅದಕ್ಕೇನೂ ಆಗಿಲ್ಲ. ಮಣಿಕಟ್ಟನ್ನು 20–30 ಡಿಗ್ರಿ ಮೇಲೆ ನಿಲ್ಲಿಸಿದರೆ ಹಿಡಿತ ಬರುತ್ತದೆ. ಸ್ಪ್ಲಿಂಟ್ ನರವನ್ನು ವಾಸಿ ಮಾಡುವುದಿಲ್ಲ, ಆದರೆ ಹಾಕದೆ ಬಿಟ್ಟರೆ ಮಣಿಕಟ್ಟು ಬಗ್ಗಿದಲ್ಲೇ ಬಿಗಿದುಕೊಳ್ಳುತ್ತದೆ. ಹಗಲು ಆದಷ್ಟೂ ಹೊತ್ತು ಇರಲಿ. ನಡುನಡುವೆ ಬಿಚ್ಚಿ, ಎಡಗೈಯಿಂದ ಮಣಿಕಟ್ಟು, ಬೆರಳು ಎಲ್ಲ ಮೇಲೆತ್ತಿ ಬಿಡಬೇಕು. ಹೀಗೆ ಮಾಡಿದರೆ ಸ್ಪ್ಲಿಂಟ್‌ನಿಂದ ಕೈ ಸೋಲುವುದಿಲ್ಲ.

ಅಂಗೈ ಪಟ್ಟಿ ಬೆರಳು ಮಡಚುವ ಗೆರೆ ದಾಟಬಾರದು. ಹೆಬ್ಬೆರಳು, ತೋರುಬೆರಳಿನ ನಡುವೆ ಕೈಯ ಹಿಂಬದಿ ಚರ್ಮಕ್ಕೆ ಜೋಮು ಹಿಡಿದಿರಬಹುದು. ಅಲ್ಲಿ ಉಜ್ಜಿ ಗಾಯವಾದರೂ ಅವರಿಗೆ ಗೊತ್ತಾಗಲ್ಲ. ಬಿಚ್ಚಿದಾಗಲೆಲ್ಲ ನೀವೇ ನೋಡಿ.

ತೀರ್ಥಹಳ್ಳಿ ತೋಟದವರು
ತಂಗಿ, ನನಗೂ ಇದೇ ಆಗಿತ್ತು. ಸಾಧ್ಯವಾದರೆ ಇನ್ನೊಂದು ಸ್ಪ್ಲಿಂಟ್ ತಗೊಳ್ಳಿ. ಒಂದು ಒಣಗುವಾಗ ಇನ್ನೊಂದು. ತೊಳೆಯುವ ಮುಂಚೆ ತಗಡು ಹೊರಗೆ ಎಳೆಯಿರಿ, ಅದರ ಬಾಗು ಮಾತ್ರ ಕೆಡಿಸಬೇಡಿ. ಒಳಗೆ ಹಳೆ ಬನಿಯನ್ ಬಟ್ಟೆ ಸುತ್ತಿದರೆ ಬೆವರು ಅದಕ್ಕೇ ಹೋಗುತ್ತದೆ, ದಿನಾ ಬದಲಿಸಬಹುದು. ಅಡಿಕೆ ಸಿಪ್ಪೆಯ ನಾರು ವೆಲ್ಕ್ರೋಗೆ ಸೇರಿಕೊಂಡು ಹಿಡಿಯದೇ ಹೋಗುತ್ತದೆ. ಹಳೆ ಹಲ್ಲುಜ್ಜುವ ಬ್ರಷ್‌ನಲ್ಲಿ ಕೆರೆದು ತೆಗೆಯಿರಿ. ಮುಂದೆ ಕೈಗೆ ಅಚ್ಚು ಮಾಡಿದ ಪ್ಲಾಸ್ಟಿಕ್ ಸ್ಪ್ಲಿಂಟ್ ಕೊಟ್ಟರೆ ಬಚ್ಚಲೊಲೆ ಹತ್ತಿರ ಇಡಬೇಡಿ, 60–70 ಡಿಗ್ರಿ ಬಿಸಿಗೆ ಮೆತ್ತಗಾಗಿ ಆಕಾರ ಹೋಗುತ್ತದೆ. ಊಟಕ್ಕೆ ಸ್ಪ್ಲಿಂಟ್ ಹಾಕಿಕೊಂಡೇ ಚಮಚ ಹಿಡಿಯಲಿ. ನನಗೆ ಮೊದಲು ಎದ್ದದ್ದು ಮಣಿಕಟ್ಟು, ಹೆಬ್ಬೆರಳು ಕೊನೆಗೆ.

ನಿಟ್ಟೂರಿನ ಮಗಳು
ಅಣ್ಣಾ, ಓದಿ ಧೈರ್ಯ ಬಂತು. ನರ ತಾನಾಗಿ ಸರಿಹೋಗುತ್ತಾ, ಎಷ್ಟು ದಿನ ಕಾಯಬಹುದು?

ಶಿವಮೊಗ್ಗದ ಫಿಸಿಯೋ
ಜಾಸ್ತಿ ಜನರಿಗೆ ತಾನಾಗಿಯೇ ಬರುತ್ತದೆ, ಆದರೆ ನಿಧಾನ. ನರ ಮತ್ತೆ ಬೆಳೆಯಬೇಕಾದರೆ ದಿನಕ್ಕೆ ಸುಮಾರು 1 ಮಿಲಿಮೀಟರ್ ಅಷ್ಟೇ. ಸುಮ್ನೆ ಕಾಯಬೇಡಿ. ಪೆಟ್ಟಾಗಿ 3–4 ವಾರ ಕಳೆದಿದ್ದರೆ ನರದ ಪರೀಕ್ಷೆ ಬಗ್ಗೆ ಡಾಕ್ಟರ್ ಹತ್ತಿರ ಕೇಳಿ. 3–4 ತಿಂಗಳಾದರೂ ಮಣಿಕಟ್ಟು ಚೂರೂ ಅಲ್ಲಾಡದಿದ್ದರೆ ಸರ್ಜನ್‌ಗೆ ತೋರಿಸಲೇಬೇಕು.

ನಿಟ್ಟೂರಿನ ಮಗಳು
ಈಗಷ್ಟೇ ಹಾಕಿಸಿ ನೋಡಿದೆ. ಪಟ್ಟಿ ಗೆರೆಗಿಂತ ಒಂದು ಬೆರಳಗಲ ಮುಂದಿದೆ, ಅದಕ್ಕೇ ಅವರಿಗೆ ಎಲೆ ಮಡಚಲು ಆಗ್ತಿರಲಿಲ್ಲ. ಸೋಮವಾರ ಅಪ್ಪಯ್ಯನನ್ನೇ ಕರೆದುಕೊಂಡು ಹೋಗಿ, ಕೈಗೆ ಹಾಕಿಸಿ ನೋಡಿ ಚಿಕ್ಕ ಅಳತೆಯದ್ದು ತರುತ್ತೇನೆ.