ನಾಲ್ಕು ಜನರ ಮುಂದೆ ಎದ್ದು ನಿಂತರೆ ಮಾತೇ ಹೊರಡಲ್ಲ, ಏನು ಮಾಡಲಿ?

ಹಾಸನದ ಹುಡುಗ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ ಮಾಡುತ್ತೇನೆ. 4 ವರ್ಷ ಆಯ್ತು. ಕೆಲಸದಲ್ಲಿ ಏನೂ ತೊಂದರೆ ಇಲ್ಲ. ಪಕ್ಕದಲ್ಲಿ ಕೂತವರಿಗೆ ಒಂದು ವಿಷಯವನ್ನು ಅರ್ಧ ಗಂಟೆ ಬೇಕಾದರೂ ವಿವರಿಸುತ್ತೇನೆ. ಅದನ್ನೇ ಎದ್ದು ನಿಂತು 15 ಜನರ ಮುಂದೆ ಹೇಳು ಅಂದ್ರೆ ಬಾಯಿ ಒಣಗುತ್ತದೆ, ಕೈ ನಡುಗುತ್ತದೆ.

ಹೋದ ತಿಂಗಳು 10 ನಿಮಿಷದ ಪ್ರೆಸೆಂಟೇಶನ್ ಇತ್ತು. ಹೇಳಬೇಕಾದ್ದನ್ನೆಲ್ಲ ಇಂಗ್ಲಿಷಿನಲ್ಲಿ ಬರೆದುಕೊಂಡು ಮೂರು ರಾತ್ರಿ ಕೂತು ಬಾಯಿಪಾಠ ಮಾಡಿದೆ. ಎರಡನೇ ಸ್ಲೈಡಿಗೇ ಯಾರೋ ಒಂದು ಪ್ರಶ್ನೆ ಕೇಳಿದರು. ಉತ್ತರ ಗೊತ್ತಿತ್ತು, ಹೇಳಿದೆ. ಆಮೇಲೆ ಎಲ್ಲಿಗೆ ನಿಲ್ಲಿಸಿದ್ದೆ ಅನ್ನೋದೇ ಮರೆತುಹೋಯ್ತು. ಉಳಿದದ್ದನ್ನು ಸ್ಲೈಡ್ ನೋಡಿ ಓದಿ ಮುಗಿಸಿದೆ. ಮನೆಗೆ ಬಂದು ಊಟ ಸೇರಲಿಲ್ಲ. ನಾನು ಎಸ್ಸೆಸ್ಸೆಲ್ಸಿ ತನಕ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಅದಕ್ಕೇ ಹೀಗಾ, ಅಥವಾ ನಾನು ತಯಾರಿ ಮಾಡಿದ ರೀತಿಯೇ ತಪ್ಪಾ? ಮುಂದಿನ ತಿಂಗಳು ಮತ್ತೆ ನನ್ನ ಸರದಿ ಇದೆ. ದುಡ್ಡು ಕೊಟ್ಟು ಕೋರ್ಸ್ ಸೇರಬೇಕಾ?

ಪುತ್ತೂರಿನವ:
ನೀವು ಬಾಯಿಪಾಠ ಮಾಡಿದ್ದೇ ಎಡವಟ್ಟಾದದ್ದು ಮಾರಾಯ್ರೇ. ಇದಕ್ಕೂ ಕನ್ನಡ ಮಾಧ್ಯಮಕ್ಕೂ ಸಂಬಂಧ ಇಲ್ಲ.

ನಾನು 20 ವರ್ಷದಿಂದ ಹವ್ಯಾಸಕ್ಕೆ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತೇನೆ. ನಿಮ್ಮ ಕಡೆ ಇದು ಅಷ್ಟಾಗಿ ಇಲ್ಲ, ಹಾಗಾಗಿ ಸ್ವಲ್ಪ ಹೇಳುತ್ತೇನೆ. ಯಕ್ಷಗಾನದ್ದೇ ಪ್ರಸಂಗ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಎಲ್ಲರೂ ಕೂತೇ ಇರುತ್ತಾರೆ. ಭಾಗವತರು ಒಂದು ಪದ ಹಾಡುತ್ತಾರೆ, ಅದರ ಮೇಲೆ ಅರ್ಥಧಾರಿ ಮಾತಾಡಬೇಕು. ಪದ ಮೊದಲೇ ಗೊತ್ತಿರುತ್ತದೆ. ಮಾತು ಮಾತ್ರ ಎಲ್ಲೂ ಬರೆದಿರುವುದಿಲ್ಲ, ಅಲ್ಲೇ ಹುಟ್ಟಬೇಕು. ನಾನು ಸಂಧಾನಕ್ಕೆ ಬಂದ ಕೃಷ್ಣ ಅಂತ ಇಟ್ಟುಕೊಳ್ಳಿ. ಎದುರಿಗೆ ಕೂತ ಕೌರವ ನಾನು ಕನಸಲ್ಲೂ ಎಣಿಸದ ಪ್ರಶ್ನೆ ಕೇಳುತ್ತಾನೆ. ಅದಕ್ಕೆ ಉತ್ತರ ಕೊಟ್ಟು, ಅವನು ಮತ್ತೆ ತಿರುಗಿಸಿ ಕೇಳಿದ್ದಕ್ಕೂ ಉತ್ತರ ಕೊಟ್ಟು, ಅಲ್ಲಿಂದ ಭಾಗವತರ ಮುಂದಿನ ಪದಕ್ಕೆ ಸರಿಯಾಗಿ ಬಂದು ನಿಲ್ಲಬೇಕು. ಮಾತು ಬಾಯಿಪಾಠ ಮಾಡಿಕೊಂಡು ಹೋದವ ಅಲ್ಲಿ ಹತ್ತು ನಿಮಿಷ ಬಾಳುವುದಿಲ್ಲ. ನಾವು ನೆನಪಿಡುವುದು ಪದಗಳ ಸಾಲನ್ನು. ಯಾವ ಪದ ಆದ ಮೇಲೆ ಯಾವುದು, ಪ್ರತಿಯೊಂದರಲ್ಲೂ ಹೇಳಲೇಬೇಕಾದ ಒಂದು ಸಂಗತಿ ಯಾವುದು, ಅಷ್ಟೇ.

ನೀವೂ ಹಾಗೇ ಮಾಡಿ. 10 ನಿಮಿಷಕ್ಕೆ 5 ಪದ, ಅಂದರೆ ಹೇಳಲೇಬೇಕಾದ 5 ಸಂಗತಿ, ಸಾಕು. ಒಂದು ಚೀಟಿಯಲ್ಲಿ ಐದು ಸಾಲು ಬರೆಯಿರಿ. ದಿನಾ ಗಟ್ಟಿಯಾಗಿ ಹೇಳಿ, ಆದರೆ ನಿನ್ನೆ ಹೇಳಿದ ಮಾತಿನಲ್ಲೇ ಇವತ್ತು ಹೇಳಬೇಡಿ. ಎರಡು ದಿನ ಆದ ಮೇಲೆ ಯಾರನ್ನಾದರೂ ಎದುರು ಕೂರಿಸಿ, ನಡುನಡುವೆ ಪ್ರಶ್ನೆ ಹಾಕಲು ಹೇಳಿ. ಉತ್ತರ ಕೊಟ್ಟು ವಾಪಸ್ ಸಾಲಿಗೆ ಬರುವುದೇ ನಿಮಗೆ ಬೇಕಾದ ಅಭ್ಯಾಸ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತಾಗ ನಮ್ಮಲ್ಲಿ ತಾಳಮದ್ದಳೆ ಜಾಸ್ತಿ. ಬೆಂಗಳೂರಿನಲ್ಲೂ ನಡೆಯುತ್ತದೆ. ಒಂದು ಸಂಜೆ ಹೋಗಿ ಕೂತು ಕೇಳಿ, ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಹಳೆಯ ರೆಕಾರ್ಡಿಂಗ್ ಸಿಕ್ಕರೆ ಅದನ್ನೂ ಕೇಳಿ.

ಮೈಸೂರಿನ ಸುಮಾ:
ಪುತ್ತೂರಿನ ಸರ್ ಹೇಳಿದ್ದು ಬಹಳ ಇಷ್ಟವಾಯ್ತು. ಒಂದು ಕಡೆ ಮಾತ್ರ ನನಗೆ ಒಪ್ಪಿಗೆ ಇಲ್ಲ. ಅವರು ಅರ್ಥ ಹೇಳುವುದು ಕನ್ನಡದಲ್ಲಿ. ಈ ತಮ್ಮ ಮಾತಾಡಬೇಕಾದ್ದು ಇಂಗ್ಲಿಷಿನಲ್ಲಿ. ಗಾಬರಿಯಾದಾಗ ಮೊದಲು ಕೈಕೊಡೋದು ಕಲಿತ ಭಾಷೆಯೇ, ಅಲ್ವಾ? ಹಾಗಾಗಿ ಮೊದಲ ಎರಡು ವಾಕ್ಯ, ಕೊನೆಯ ವಾಕ್ಯ, ಒಂದು ಸ್ಲೈಡಿನಿಂದ ಇನ್ನೊಂದಕ್ಕೆ ಹೋಗುವಾಗಿನ ವಾಕ್ಯ, ಇಷ್ಟನ್ನು ಬಾಯಿಪಾಠ ಮಾಡಿ. ನಡುವಿನದು ಬಿಡಿ.

ಕೋರ್ಸಿಗೆ ದುಡ್ಡು ಸುರಿಯುವ ಮೊದಲು ಒಂದು ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬಿಗೆ ಅತಿಥಿಯಾಗಿ ಹೋಗಿ ಬನ್ನಿ. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ರಾಲ್ಫ್ ಸ್ಮೆಡ್ಲಿ ಶುರು ಮಾಡಿದ್ದು, ಬೆಂಗಳೂರಿನಲ್ಲಿ ಬೇಕಾದಷ್ಟು ಕ್ಲಬ್ಬುಗಳಿವೆ. ಅಲ್ಲಿ ಪಾಠ ಮಾಡುವ ಮೇಷ್ಟ್ರು ಇರಲ್ಲ. ನೀವು ಮಾತಾಡುತ್ತೀರಿ, ನಿಮ್ಮಂಥವರೇ ಒಬ್ಬರು ಎದ್ದು ಯಾವುದು ಚೆನ್ನಾಗಿತ್ತು, ಏನು ತಿದ್ದಿಕೊಳ್ಳಬೇಕು ಅಂತ ಹೇಳುತ್ತಾರೆ. ಮೊದಲ ಭಾಷಣ 4ರಿಂದ 6 ನಿಮಿಷ, ನಿಮ್ಮ ಬಗ್ಗೆಯೇ. ಟೇಬಲ್ ಟಾಪಿಕ್ಸ್ ಅಂತ ಒಂದಿದೆ: ವಿಷಯ ಆಗಲೇ ಕೊಟ್ಟು, ಆಗಲೇ 1ರಿಂದ 2 ನಿಮಿಷ ಮಾತಾಡಿಸುತ್ತಾರೆ. ನಿಮಗೆ ಬೇಕಾದ್ದು ಅದೇ.

'ಆ...', 'ಉಂ...' ಎಣಿಸಲಿಕ್ಕೂ ಒಬ್ಬರು ಇರುತ್ತಾರೆ. ನನ್ನ ಮೊದಲ ಭಾಷಣದಲ್ಲಿ 23 ಸಲ ಬಂದಿತ್ತು. ಆ ಜಾಗದಲ್ಲಿ ಸುಮ್ನೆ ನಿಲ್ಲೋದನ್ನು ಕಲಿತೆ. ನಿಂತವರಿಗೆ ಅದು ಯುಗ ಅನಿಸುತ್ತದೆ, ಕೇಳುವವರಿಗೆ ಒಂದು ಉಸಿರಿನಷ್ಟು.

ಧಾರವಾಡ ಮೇಷ್ಟ್ರು:
ಎರಡೇ ಮಾತು. ಕೈ ನಡುಗೋದು, ಬಾಯಿ ಒಣಗೋದು ಅಡ್ರಿನಾಲಿನ್ ಕೆಲಸ, ಅದನ್ನು ಒತ್ತಿ ಹಿಡಿಯೋಕೆ ಹೋಗಬೇಡಿ. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾಷಣಕ್ಕೆ ಮುಂಚೆ 'ನಾನು ಶಾಂತವಾಗಿದ್ದೇನೆ' ಅಂದುಕೊಂಡವರಿಗಿಂತ 'ನನಗೆ ಉತ್ಸಾಹ ಬಂದಿದೆ' ಅಂತ ಬಾಯಿಬಿಟ್ಟು ಹೇಳಿಕೊಂಡವರು ಚೆನ್ನಾಗಿ ಮಾತಾಡಿದ್ದರು. ನನ್ನ ವಿದ್ಯಾರ್ಥಿಗಳಿಗೆ ಇದನ್ನೇ ಹೇಳುತ್ತೇನೆ.

ಇನ್ನೊಂದು, ಪವರ್‌ಪಾಯಿಂಟ್ ಸ್ಲೈಡ್‌ಶೋ ನಡೆಯುವಾಗ ಕೀಬೋರ್ಡಿನಲ್ಲಿ 'ಬಿ' ಒತ್ತಿದರೆ ಪರದೆ ಕಪ್ಪಾಗುತ್ತದೆ. ಪ್ರಶ್ನೆ ಬಂದಾಗ ಹಾಗೆ ಮಾಡಿ. ಜನ ನಿಮ್ಮನ್ನು ನೋಡುತ್ತಾರೆ, ನಿಮಗೂ ಸ್ಲೈಡ್ ಓದುವ ಆಸೆ ಹೋಗುತ್ತದೆ. ಮತ್ತೆ ಒತ್ತಿದರೆ ಬಿಟ್ಟ ಜಾಗಕ್ಕೇ ಬರುತ್ತದೆ.

ಹಾಸನದ ಹುಡುಗ:
ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಒಂದು ವಾರದಿಂದ ಚೀಟಿ ಇಟ್ಟುಕೊಂಡು ಅಭ್ಯಾಸ ಮಾಡ್ತಿದ್ದೇನೆ. ಎದುರು ಅಕ್ಕ ಕೂರುತ್ತಾಳೆ, ಪ್ರಶ್ನೆ ಕೇಳೋದರಲ್ಲಿ ಅವಳು ಯಾವ ಕೌರವನಿಗೂ ಕಡಿಮೆ ಇಲ್ಲ. ಮೂರು ಪದ ಸಲೀಸಾಗಿ ಬರುತ್ತಿವೆ, ಐದನೆಯದೂ ಪರವಾಗಿಲ್ಲ. ನಾಲ್ಕನೆಯದು ಮಾತ್ರ ದಿನಾ ಅಲ್ಲೇ ತಡವರಿಸುತ್ತದೆ. ಅದನ್ನೊಂದು ಬಾಯಿಪಾಠ ಮಾಡಿಬಿಡಲಾ ಸರ್?

ಪುತ್ತೂರಿನವ:
ಬೇಡ. ಆ ನಾಲ್ಕನೆಯದು ನೀವೇ ಮಾಡಿದ ಕೆಲಸವೋ, ಬೇರೆಯವರದ್ದೋ?

ಹಾಸನದ ಹುಡುಗ:
ಬೇರೆಯವರದ್ದು ಸರ್. ಆ ಭಾಗದ ಟೆಸ್ಟ್ ಮಾಡಿದ್ದು ನಮ್ಮ ಟೀಮಿನ ಇನ್ನೊಬ್ಬರು, ನಾನು ಅವರ ರಿಪೋರ್ಟ್ ಓದಿದ್ದೇನೆ ಅಷ್ಟೇ. ಗೊತ್ತಾಯ್ತು. ನಾಳೆ ಬೆಳಿಗ್ಗೆ ಅವರ ಪಕ್ಕ ಹೋಗಿ ಕೂರುತ್ತೇನೆ.