ಹಳೆಯ ಜಪಾನಿ ಕತ್ತಿಯ ಅಲಗಿನಲ್ಲಿ ಕಂಡ ದೋಷಗಳು: ಯಾವುದು ಮಾರಕ, ಯಾವುದು ಸಹ್ಯ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸಹಿ ಇಲ್ಲದ ಒಂದು ವಾಕಿಜಾಶಿಯನ್ನು, ಅಂದರೆ ಗಿಡ್ಡ ಕತ್ತಿಯನ್ನು, ಕೊಳ್ಳುವ ಮುನ್ನ ಕೈಗೆತ್ತಿಕೊಂಡು ಪರೀಕ್ಷಿಸುವ ಅವಕಾಶ ನನಗೆ ಸಿಕ್ಕಿದೆ. ಇದು ಕೊತೊ ಕಾಲದ್ದು, ಅಂದರೆ 1596ಕ್ಕಿಂತ ಹಿಂದಿನದು ಎಂದು ಮಾರುವವರು ಹೇಳುತ್ತಾರೆ, ಪರಿಣತರ ಪ್ರಮಾಣಪತ್ರವಿಲ್ಲ. ಅಲಗಿನ ನಡುಭಾಗದಲ್ಲಿ ಬಾಯಂಚಿನಿಂದ, ಗಡುಸಾದ ಬಾಯಿಯ ಭಾಗದ ಎಲ್ಲೆಯನ್ನು ತೋರುವ ವಿನ್ಯಾಸವಾದ ಹಾಮೊನ್‌ನ ಒಳಕ್ಕೆ ಅಡ್ಡಲಾಗಿ ಹೋದಂತೆ ತೋರುವ ತೆಳುವಾದ ಗೆರೆಯೊಂದಿದೆ. ಹಾಮೊನ್‌ಗೂ ಶಿನೋಗಿ ಎಂಬ ಉದ್ದನೆಯ ಏರುಗೆರೆಗೂ ನಡುವೆ ಉಕ್ಕಿನ ಮೈ ಒಂದೆಡೆ ಸಣ್ಣದಾಗಿ ಉಬ್ಬಿದೆ. ಬೆನ್ನಿನ ಸಮೀಪದಲ್ಲಿ ಸುತ್ತಲಿನ ಉಕ್ಕಿಗಿಂತ ಬೇರೆ ಬಣ್ಣದ, ಉದ್ದಚೌಕವಾದ ಚೂರೊಂದು ಕೂತಿದೆ; ಬೆನ್ನಿನ ಮೇಲೆಯೇ ಒಂದು ಕಚ್ಚು ಇದೆ. ಕೊನೆಯದಾಗಿ, ಅಲಗಿನ ಬುಡದಲ್ಲಿ ಹಾಮಾಚಿಯ, ಅಂದರೆ ಬಾಯಂಚು ತೊಡಗುವ ಜಾಗದ, ಬಳಿಯಿಂದ ಬೆನ್ನಿನ ಕಡೆಗೆ ಮಬ್ಬು ನೆರಳೊಂದು ಓರೆಯಾಗಿ ಏರುತ್ತದೆ. ಇವುಗಳಲ್ಲಿ ಯಾವುದಕ್ಕೆ ಎಷ್ಟು ತೂಕ ಕೊಡಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕೆಂದು ಕೋರುತ್ತೇನೆ.

ಮೊದಲ ಉತ್ತರ

ಉಳಿದೆಲ್ಲವನ್ನೂ ಸದ್ಯಕ್ಕೆ ಬದಿಗಿಟ್ಟು ಆ ಅಡ್ಡಗೆರೆಯನ್ನು ಮೊದಲು ತೀರ್ಮಾನಿಸಿಕೊಳ್ಳಿ. ಅದು ಹಾಗಿರೆ, ಅಂದರೆ ಬಾಯಂಚಿಗೆ ಅಡ್ಡಲಾಗಿ ಬಿದ್ದ ಬಿರುಕು, ಆಗಿದ್ದರೆ ಬೇರೆ ಯಾವ ಚರ್ಚೆಗೂ ಅರ್ಥವಿಲ್ಲ. ಅಲಗನ್ನು ಮಣ್ಣಿನ ಲೇಪದೊಂದಿಗೆ ಕಾಸಿ ನೀರಿಗೆ ಅದ್ದಿದಾಗ ಬಾಯಿಯ ಭಾಗ ಅತ್ಯಂತ ಗಡುಸಾಗುತ್ತದೆ, ಅದರೊಂದಿಗೇ ಪೆಡಸೂ ಆಗುತ್ತದೆ. ಅಂಥ ಉಕ್ಕಿನಲ್ಲಿ ಅಂಚಿಗೆ ಅಡ್ಡಲಾಗಿ ಬಿದ್ದ ಬಿರುಕಿನ ತುದಿಯಲ್ಲಿ ಹೊಡೆತದ ಒತ್ತಡವೆಲ್ಲ ಒಂದೇ ಬಿಂದುವಿಗೆ ಕೇಂದ್ರೀಕರಿಸುವುದರಿಂದ, ಮುಂದಿನ ಪೆಟ್ಟಿಗೆ ಅಲಗು ಅಲ್ಲೇ ತುಂಡಾಗಬಹುದು. ನೀರಿಗೆ ಅದ್ದುವಾಗಲೇ ಅದು ಹುಟ್ಟಿರಬಹುದು, ಮುಂದೆ ಬಳಕೆಯಲ್ಲಿ ಬಿದ್ದ ಹೊಡೆತದಿಂದಲೋ ಬಾಗಿದ ಅಲಗನ್ನು ನೆಟ್ಟಗೆ ಮಾಡುವಾಗಲೋ ಬಿದ್ದಿರಬಹುದು. ಕಾರಣ ಯಾವುದಾದರೂ ತೀರ್ಪು ಬದಲಾಗುವುದಿಲ್ಲ. ಬೆಸೆಯಲು ಹೋದರೆ ಆ ಶಾಖಕ್ಕೆ ಗಡಸುತನವೇ ಹೋಗುತ್ತದೆ, ಆದ್ದರಿಂದ ದುರಸ್ತಿಯೂ ಇಲ್ಲ.

ನೋಡುವ ಕ್ರಮವೂ ಮುಖ್ಯ. ಕೋಣೆಯನ್ನು ಕತ್ತಲಾಗಿಸಿ, ಬೆಳಕು ಒಂದೇ ಬಿಂದುವಿನಿಂದ ಬರುವ ಒಂಟಿ ದೀಪವನ್ನಿಟ್ಟುಕೊಂಡು, ಮೊನೆಯನ್ನು ದೀಪದತ್ತ ಚಾಚಿ ಅಲಗನ್ನು ನಿಧಾನವಾಗಿ ಓರೆ ಮಾಡುತ್ತ ನೋಡಬೇಕು. ಹರಡಿದ ಬೆಳಕಿನಲ್ಲಿ ಹಾಗಿರೆ ಕಣ್ಣಿಗೆ ಬೀಳದೆ ತಪ್ಪಿಸಿಕೊಳ್ಳುವುದೇ ಹೆಚ್ಚು. ಗೆರೆ ಅಂಚನ್ನು ಮುಟ್ಟುತ್ತದೆಯೇ, ಅದೇ ಜಾಗದಲ್ಲಿ ಇನ್ನೊಂದು ಮಗ್ಗುಲಲ್ಲೂ ಇದೆಯೇ ಎಂಬುದನ್ನು ಹತ್ತು ಪಟ್ಟು ಹಿಗ್ಗಿಸುವ ಮಸೂರದಿಂದ ಪರೀಕ್ಷಿಸಿ. ಸಾಣೆಯ ಗೀರಾದರೆ ಮೇಲ್ಮೈಯಲ್ಲೇ ಉಳಿಯುತ್ತದೆ, ಅದರಂತೆಯೇ ಅದೇ ದಿಕ್ಕಿನ ಇತರ ಗೀರುಗಳೂ ಅಕ್ಕಪಕ್ಕ ಕಾಣುತ್ತವೆ. ಅಲಗನ್ನು ಬಗ್ಗಿಸಿ ಅಥವಾ ತಟ್ಟಿ ಪರೀಕ್ಷಿಸುವ ಯೋಚನೆಯನ್ನು ಮಾತ್ರ ದಯವಿಟ್ಟು ಮಾಡಬೇಡಿ, ಬರಿಗೈಯಿಂದ ಉಕ್ಕನ್ನು ಮುಟ್ಟಲೂಬೇಡಿ. ಒಂದು ಹಾಗಿರೆ ಸಿಕ್ಕಿತೆಂದರೆ ಇನ್ನೂ ಒಂದೆರಡು ಇರುವ ಸಂಭವವಿರುವುದರಿಂದ ಬಾಯಂಚನ್ನು ಬುಡದಿಂದ ಮೊನೆಯವರೆಗೂ ನೋಡಿ ಮುಗಿಸಿ. ಮೊನೆಯನ್ನು ನೋಡುವಾಗ, ಹಾಮೊನ್ ಅಲ್ಲಿ ತಿರುಗಿ ಬರುವ ಬೋಶಿ ಪೂರ್ಣವಾಗಿದೆಯೇ, ಕರಾಸುಗುಚಿ ಎಂಬ ಬಾಗಿದ ಬಿರುಕೇನಾದರೂ ಅದರಲ್ಲಿದೆಯೇ ಎಂಬುದನ್ನೂ ಗಮನಿಸಿ. ಬೋಶಿ ಅಳಿದುಹೋಗಿದ್ದರೆ ಮೊನೆ ಹಿಂದೊಮ್ಮೆ ಮುರಿದು ಮತ್ತೆ ರೂಪಿಸಲ್ಪಟ್ಟಿರಬಹುದು. ಅದೂ ಹೆಚ್ಚುಕಡಿಮೆ ಇಷ್ಟೇ ಗಂಭೀರವಾದ ನಷ್ಟ.

ಎರಡನೆಯ ಉತ್ತರ

ಹಾಗಿರೆಯ ವಿಷಯದಲ್ಲಿ ಮೇಲಿನ ಮಾತಿಗೆ ನನ್ನ ಸಂಪೂರ್ಣ ಒಪ್ಪಿಗೆಯಿದೆ. ಆದರೆ ಉಳಿದ ಗುರುತುಗಳನ್ನು ಅದೇ ಕಠಿಣ ಅಳತೆಯಿಂದ ಅಳೆಯುವುದು ಹಳೆಯ ಕತ್ತಿಗೆ ಮಾಡುವ ಅನ್ಯಾಯವೆಂದು ನನಗೆ ತೋರುತ್ತದೆ.

ನೀವು ಹೇಳಿದ ಉಬ್ಬು ಫುಕುರೆ. ಉಕ್ಕನ್ನು ಮಡಿಸಿ ಮಡಿಸಿ ಬಡಿಯುವಾಗ ಎರಡು ಪದರಗಳ ನಡುವೆ ಕಿಟ್ಟವೋ ಗಾಳಿಯೋ ಸಿಕ್ಕಿಕೊಂಡು, ಆ ಜಾಗದಲ್ಲಿ ಬೆಸುಗೆ ಕೂಡದೆ ಉಳಿದದ್ದರಿಂದ ಅದು ಉಂಟಾಗುತ್ತದೆ. ಮುಚ್ಚಿಕೊಂಡಿರುವವರೆಗೆ ಕತ್ತಿಯ ಬಲಕ್ಕೆ ದೊಡ್ಡ ಅಪಾಯವಿಲ್ಲ. ಆದರೆ ಪ್ರತಿ ಸಾಣೆಯೂ ಉಕ್ಕನ್ನು ಸ್ವಲ್ಪ ಸವೆಸುವುದರಿಂದ ಮೇಲಿನ ಪದರ ತೆಳುವಾಗಿ ಒಂದು ದಿನ ಅದು ಒಡೆದುಕೊಳ್ಳುತ್ತದೆ. ಆದ್ದರಿಂದ ಮತ್ತೆ ಸಾಣೆ ಹಿಡಿಸುವ ಉದ್ದೇಶವಿದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಆ ಉದ್ದಚೌಕ ಇಂಥದೇ ಒಂದು ಹಳೆಯ ದೋಷವನ್ನು ಕೊರೆದು ತೆಗೆದು ಅಲ್ಲಿ ಕೂರಿಸಿದ ಉಕ್ಕಿನ ತೇಪೆ, ಉಮೆಗಾನೆ. ಅದರೊಳಗಿನ ಹಾದಾ, ಅಂದರೆ ಮಡಿಕೆಗಳ ವಿನ್ಯಾಸ, ಸುತ್ತಲಿನ ವಿನ್ಯಾಸದೊಂದಿಗೆ ಕೂಡುವುದಿಲ್ಲ. ಬೆನ್ನಿನ ಹತ್ತಿರ ಒಂದೇ ತೇಪೆ ಇದ್ದರೆ ನಾನು ಅದನ್ನು ಕ್ಷಮಿಸುತ್ತೇನೆ. ಹಾಮೊನ್‌ಗೆ ತಾಗಿಕೊಂಡಿದ್ದರೆ ಕ್ಷಮಿಸುವುದಿಲ್ಲ.

ಬೆನ್ನಿನ ಕಚ್ಚನ್ನು ದೋಷವೆಂದು ದಯವಿಟ್ಟು ಬರೆದುಕೊಳ್ಳಬೇಡಿ. ಎದುರಾಳಿಯ ಅಲಗು ತಾಗಿ ಬಿದ್ದ ಕಿರಿಕೊಮಿ ಆಗಿದ್ದರೆ ಅದು ಆ ಕತ್ತಿ ಕದನದಲ್ಲಿ ನಿಂತು ಉಳಿದದ್ದಕ್ಕೆ ಸಾಕ್ಷಿ, ಜಪಾನಿನ ಸಂಗ್ರಾಹಕರು ಅದನ್ನು ಗೌರವದಿಂದಲೇ ಉಳಿಸಿಕೊಳ್ಳುತ್ತಾರೆ.

ಕಾಲ ಮತ್ತು ಪರಂಪರೆಯನ್ನು ಬಿಟ್ಟು ದೋಷವನ್ನು ತೂಗಲಾಗದು. ಯಾಮಾತೊ ಪ್ರಾಂತದ ಹೋಶೋ ಪರಂಪರೆಯವರ ಹಾದಾ ಅಲಗಿನುದ್ದಕ್ಕೂ ನೇರವಾಗಿ ಹರಿಯುವ ಮಾಸಾಮೆ ಆದ್ದರಿಂದ, ಅದೇ ದಿಕ್ಕಿನಲ್ಲಿ ವಾರೆ ಎಂಬ ಸಣ್ಣ ಸೀಳುಗಳು ಬಾಯ್ದೆರೆದಿರುವುದು ಅವರ ಕೆಲಸದಲ್ಲಿ ಸಾಮಾನ್ಯ. ಅಂಥದೇ ಸೀಳು ಎದೊ ಕಾಲದ (1603–1868) ಕೊನೆಯ, ಸವೆತವೇ ಇಲ್ಲದ ಕತ್ತಿಯಲ್ಲಿ ಕಂಡರೆ ಕಮ್ಮಾರನ ಕೈ ಸೋತಿತೆಂದೇ ಹೇಳಬೇಕಾಗುತ್ತದೆ. ಹಲವು ಶತಮಾನಗಳ ಸಾಣೆಯಿಂದ ಹೊರಮೈಯ ಉಕ್ಕು ತೆಳುವಾಗಿ ಒಳಗಿನ ಶಿನ್‌ಗಾನೆ, ಅಂದರೆ ಮೃದುವಾದ ತಿರುಳುಕ್ಕು, ಅಲ್ಲಲ್ಲಿ ಕಪ್ಪಾಗಿ ಮಂಕಾಗಿ ಮೇಲೆ ಬಂದಿದ್ದರೆ ಅದನ್ನು ದಣಿದ ಕತ್ತಿ ಎನ್ನುತ್ತಾರೆ. ಆ ದಣಿವಿಗೆ ನಾನು ಒಂದು ಫುಕುರೆಗಿಂತ ಹೆಚ್ಚು ಬೆಲೆ ಕಳೆಯುತ್ತೇನೆ, ಏಕೆಂದರೆ ಅದು ಅಲಗಿಡೀ ಹರಡಿರುತ್ತದೆ, ಮತ್ತೆ ತುಂಬಿ ಬರುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಒಂಟಿ ದೀಪದ ಬೆಳಕಿನಲ್ಲಿ ಮತ್ತೆ ಪರೀಕ್ಷಿಸಿದೆ. ಆ ಗೆರೆ ಅಂಚನ್ನು ತಲುಪುವ ಮೊದಲೇ ನಿಲ್ಲುತ್ತದೆ, ಇನ್ನೊಂದು ಮಗ್ಗುಲಲ್ಲಿ ಅದರ ಸುಳಿವಿಲ್ಲ, ಪಕ್ಕದಲ್ಲಿ ಅದೇ ದಿಕ್ಕಿನ ಇನ್ನೂ ಸಣ್ಣ ಗೀರುಗಳಿವೆ. ಬೋಶಿ ಎರಡೂ ಕಡೆ ಪೂರ್ಣವಾಗಿದೆ. ಆದರೆ ಬುಡದ ಮಬ್ಬು ನೆರಳು ಈ ಬೆಳಕಿನಲ್ಲಿ ಮೊದಲಿಗಿಂತ ಸ್ಪಷ್ಟವಾಗಿ ಕಾಣುತ್ತಿದೆ. ಅದರ ಬಗ್ಗೆ ಯಾರೂ ಹೇಳಲಿಲ್ಲ.

ಮೂರನೆಯ ಉತ್ತರ

ಅಡ್ಡಗೆರೆ ಸಾಣೆಯ ಗೀರೆಂದು ನಿಮ್ಮ ವರ್ಣನೆಯಿಂದ ತೋರುತ್ತದೆ. ಈಗ ನಿಮ್ಮ ಮುಂದಿರುವ ನಿಜವಾದ ಪ್ರಶ್ನೆ ಆ ನೆರಳಿನದು. ಅದನ್ನು ಮಿಜುಕಾಗೆ ಎನ್ನುತ್ತಾರೆ. ಬೆಂಕಿಯಲ್ಲಿ ಸಿಕ್ಕಿ ಗಡಸುತನ ಕಳೆದುಕೊಂಡ ಅಲಗನ್ನು ಮತ್ತೆ ಕಾಸಿ ಅದ್ದಿದ್ದರೆ, ಅಂದರೆ ಸೈಹಾ ಆಗಿದ್ದರೆ, ಹಾಮಾಚಿಯ ಬಳಿ ಇಂಥ ನೆರಳು ಏಳುವುದುಂಟು. 1615ರಲ್ಲಿ ಓಸಾಕಾ ಕೋಟೆ ಬಿದ್ದಾಗಲೂ 1657ರ ಮೇರೆಕಿ ಅಗ್ನಿದುರಂತದಲ್ಲಿ ಎದೊ (ಇಂದಿನ ಟೋಕಿಯೊ) ನಗರ ಸುಟ್ಟಾಗಲೂ ಅಮೂಲ್ಯ ಕತ್ತಿಗಳು ಬೆಂಕಿಗೆ ತುತ್ತಾದವು. ಓಸಾಕಾದಲ್ಲಿ ಸುಟ್ಟ ಇಚಿಗೊ ಹಿತೊಫುರಿ ಎಂಬ ಕತ್ತಿಯನ್ನು ಎಚಿಜೆನ್‌ನ ಯಾಸುತ್ಸುಗು ಎಂಬ ಕಮ್ಮಾರ ಮತ್ತೆ ಹದಗೊಳಿಸಿದನು. ಅವಾತಗುಚಿ ಯೋಶಿಮಿತ್ಸು ಎಂಬ ಹೆಸರಾಂತ ಕಮ್ಮಾರನ ಕೃತಿಯಾದ್ದರಿಂದ ಅದು ಇಂದಿಗೂ ಪೂಜ್ಯವಾಗಿ ಉಳಿದಿದೆ. ಸಹಿಯಿಲ್ಲದ ಸಾಮಾನ್ಯ ವಾಕಿಜಾಶಿಗೆ ಅಂಥ ರಕ್ಷಣೆಯಿಲ್ಲ. ಅದರ ಹಾಮೊನ್ ಮೂಲ ಕಮ್ಮಾರನದಲ್ಲವೆಂದಾದರೆ ಕಲಾಕೃತಿಯಾಗಿ ಅದರ ಮೌಲ್ಯದ ಬಹುಭಾಗ ಹೋದಂತೆಯೇ.

ಹಾಗೆಂದು ಮಿಜುಕಾಗೆ ಒಂದನ್ನೇ ನೋಡಿ ತೀರ್ಪು ಕೊಡಬಾರದು. ಹೊರಿಕಾವಾ ಕುನಿಹಿರೊ ಎಂಬ ಕಮ್ಮಾರನ ಅಲಗುಗಳಲ್ಲಿ ಅದು ಮೂಲದಲ್ಲೇ ಬಂದ ಲಕ್ಷಣ. ಆದರೆ ಅವನ ಹೆಸರಾಂತ ಕೃತಿಗಳು ಕೊತೊ ಕಾಲ ಮುಗಿದು ಶಿಂತೊ ಕಾಲ ತೊಡಗುವ ಹೊತ್ತಿನವು, ಆದ್ದರಿಂದ ಇದು ಹಳೆಯ ಕೊತೊ ಎಂದು ವಾದಿಸುವವರು ಅವನ ಆಸರೆ ಪಡೆಯಲಾರರು. ಹಿಡಿಯೊಳಗಿನ ನಕಾಗೊವನ್ನು ತೆಗೆದು ತೋರಿಸುವಂತೆ ಕೇಳಿ: ಶತಮಾನಗಳ ತುಕ್ಕು ನಯವಾಗಿ, ಆಳವಾದ ಕಪ್ಪುಕಂದಾಗಿ ಕೂತಿರಬೇಕು, ಬೆಂಕಿ ಕಂಡ ನಕಾಗೊದ ಮೈ ಒರಟಾಗಿ, ಬಣ್ಣ ಕೆಟ್ಟಿರುತ್ತದೆ. ಹಾದಾ ಕಳೆಗುಂದಿದೆಯೇ, ಹಾಮೊನ್‌ನ ಅಂಚಿನ ನಿಯೊಯಿ ಎಂಬ ಮಂಜಿನಂಥ ಬಿಳಿಗೆರೆ ಅಲ್ಲಲ್ಲಿ ಕಡಿದು ಮಸುಕಾಗಿದೆಯೇ, ಅಲಗಿನ ಬಾಗು ಹೇಳಿದ ಕಾಲಕ್ಕೆ ಒಪ್ಪುತ್ತದೆಯೇ ಎಂಬುದನ್ನು ಜೊತೆಗಿಟ್ಟು ನೋಡಿ. ಇವೆಲ್ಲ ಒಂದೇ ಕಡೆಗೆ ಬೆರಳು ತೋರಿದರೆ ಕೈಬಿಡಿ. ಭಿನ್ನವಾಗಿದ್ದರೆ, 1948ರಲ್ಲಿ ಸ್ಥಾಪನೆಯಾದ ನಿಹೊನ್ ಬಿಜುತ್ಸು ತೋಕೆನ್ ಹೊಜೊನ್ ಕ್ಯೋಕೈ ಎಂಬ, ಜಪಾನಿ ಕಲಾಕತ್ತಿಗಳ ಸಂರಕ್ಷಣಾ ಸಂಸ್ಥೆಯ ಪರಿಶೀಲನೆಗೆ ಒಪ್ಪಿಸಿ, ಫಲಿತಾಂಶ ಬಂದ ಮೇಲೆಯೇ ಕೊಳ್ಳುವುದಾಗಿ ಮಾರುವವರಿಗೆ ಸ್ಪಷ್ಟವಾಗಿ ತಿಳಿಸಿ. ಆ ಷರತ್ತಿಗೆ ಅವರು ಒಪ್ಪದಿದ್ದರೆ ಮಾತುಕತೆಯನ್ನು ಮುಂದುವರಿಸಬೇಡಿ.